ಟವಲಿನ ಕೆಳಗಿನ ಮಾತು

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಮೊಳೆಗೆ ಕೆಂಪು ಅಂಚಿನ ಹಳೆಯ ಟವಲು ತೂಗುತ್ತಿರುತ್ತದೆ. ಊಟ ಮುಗಿಸಿ ಕೈ ತೊಳೆದ ನೆಂಟರೆಲ್ಲ ನೇರವಾಗಿ ಅದರತ್ತಲೇ ಹೋಗುತ್ತಾರೆ. ಪಕ್ಕದಲ್ಲೇ ಒಗೆದು ಮಡಿಸಿಟ್ಟ ಹೊಸ ಟವಲುಗಳಿರುತ್ತವೆ, ಆದರೆ ಅವು ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಎಲ್ಲಿದ್ದರೂ ಓಡಿ ಬಂದು, ಅಡ್ಡ ನಿಂತು, ಹೊಸದನ್ನು ಕೊಡುತ್ತೇನೆ. ಮೊನ್ನೆ ಬಂದಿದ್ದ ಸೋದರತ್ತೆ ಒದ್ದೆ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು ಕೇಳಿದರು, "ಯಾಕವಾ, ಆ ಹಳೇ ಅರಬಿಗೆ ಪೂಜಿ ಗೀಜಿ ಮಾಡ್ತಿಯೇನು?"

ನಾನು ನಕ್ಕೆ. ನನ್ನ ಉತ್ತರಗಳಲ್ಲಿ ಅದೇ ಅತಿ ಉದ್ದವಾದದ್ದು. ಆ ಟವಲಿನ ಕತೆ ಹೇಳಬೇಕೆಂದರೆ ಅಜ್ಜನಿಂದ ಶುರು ಮಾಡಿ, ದನದ ಸಂತೆ ಸುತ್ತಿ, ವಿಶ್ವವಿದ್ಯಾಲಯಕ್ಕೆ ಹೋಗಿ, ಮತ್ತೆ ನಮ್ಮ ಮನೆಯ ಕಟ್ಟೆಗೆ ವಾಪಸು ಬರಬೇಕು. ಅಷ್ಟು ಹೊತ್ತು ಒಬ್ಬರ ಮುಖ ನೋಡಿಕೊಂಡು ಮಾತನಾಡುವುದು ನನ್ನಿಂದಾಗದ ಕೆಲಸ. ಬರೆಯುವುದಾದರೆ ಅಡ್ಡಿಯಿಲ್ಲ. ನೀವು ಓದುವಾಗ ನಾನು ಅಲ್ಲಿರುವುದಿಲ್ಲ. ಈ ಏರ್ಪಾಡು ಇಬ್ಬರಿಗೂ ಅನುಕೂಲ.

ನಮ್ಮ ಸೀಮೆಯಲ್ಲಿ ಮಾತು ಕಡಿಮೆ ಇರುವವರನ್ನು ಎರಡೇ ಗುಂಪಿಗೆ ಸೇರಿಸುತ್ತಾರೆ: ಆರಾಮಿಲ್ಲದವರು ಮತ್ತು ಸೊಕ್ಕಿನವರು. ನಾನು ಊರಿಗೆ ತಕ್ಕಂತೆ ಎರಡೂ ಆಗಿದ್ದೇನೆ. ರೋಣದಲ್ಲಿ, ಅಂದರೆ ನಮ್ಮೂರಿನಲ್ಲಿ, ನನಗೆ ಆರಾಮಿಲ್ಲ. ಗಜೇಂದ್ರಗಡದ ನೆಂಟರ ಮನೆಯಲ್ಲಿ ನನಗೆ ಸೊಕ್ಕು. ಇವೆರಡರ ನಡುವಿನ ಬಸ್ಸಿನಲ್ಲಿ ನಾನು ಬರೀ ಒಬ್ಬ ಪ್ರಯಾಣಿಕಳು ಎಂದುಕೊಂಡರೆ ಅದೂ ಸುಳ್ಳು. ಪಕ್ಕದಲ್ಲಿ ಕೂತ ಹೆಂಗಸು ಕಂಡಕ್ಟರ್ ಬರುವ ಮೊದಲೇ "ಯಾರ ಪೈಕಿ ಆತವಾ? ಲಗ್ನ ಆಗೇತೋ ಇಲ್ಲೋ?" ಎಂದು ವಿಚಾರಣೆ ತೆಗೆಯುತ್ತಾಳೆ. ಒಮ್ಮೆ ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡಿದೆ. ಅವಳು ಭುಜ ಅಲುಗಾಡಿಸಿ ಎಬ್ಬಿಸಿ, ಬಹಳ ಕಾಳಜಿಯಿಂದ, "ನಿದ್ದಿ ಹತ್ತೈತೇನವಾ?" ಎಂದು ಕೇಳಿದಳು.

ಅಜ್ಜನೊಬ್ಬನೇ ನನ್ನನ್ನು ಯಾವ ಗುಂಪಿಗೂ ಸೇರಿಸಿರಲಿಲ್ಲ. ಅವನಿಗೆ ಎರಡು ಉದ್ಯೋಗ. ಮನೆಯ ಮುಂಭಾಗದಲ್ಲಿ, ರಸ್ತೆಗೆ ಬಾಗಿಲಿದ್ದ ಕೋಣೆಯಲ್ಲಿ, ಎತ್ತಿನ ಸಾಮಾನಿನ ಅಂಗಡಿ: ಹಗ್ಗ, ಮೂಗುದಾರ, ಗೆಜ್ಜೆ, ಕೊಂಬಿಗೆ ಕಟ್ಟುವ ಬಣ್ಣದ ಗೊಂಡೆ. ಸಂತೆಯ ದಿನ ಮಾತ್ರ ಅಂಗಡಿ ಮುಚ್ಚಿ, ಕೆಂಪು ಅಂಚಿನ ಟವಲು ಹೆಗಲಿಗೆ ಹಾಕಿಕೊಂಡು, ಗಜೇಂದ್ರಗಡದ ಕಡೆಯ ದನದ ಸಂತೆಗೆ ದಲಾಲಿ ಮಾಡಲು ಹೋಗುತ್ತಿದ್ದ. ರಜೆಯಿದ್ದರೆ ನಾನೂ ಹೋಗುತ್ತಿದ್ದೆ. ಎರಡು ಕಡೆಯೂ ನನ್ನನ್ನು ಯಾರೂ ಮಾತನಾಡಿಸುತ್ತಿರಲಿಲ್ಲ. ಅಂಗಡಿಯಲ್ಲಿ ಕೂತು ಗೊಂಡೆ ಕಟ್ಟುವುದನ್ನು ಕಲಿತೆ. ಸಂತೆಯಲ್ಲಿ ಎತ್ತುಗಳನ್ನು ನೋಡುತ್ತಿದ್ದೆ. ಎತ್ತುಗಳು ನನ್ನ ಹಾಗೆಯೇ, ಕೇಳಿದ್ದಕ್ಕೆ ತಲೆ ಆಡಿಸಿ ಸುಮ್ಮನಾಗುವ ಜಾತಿ.

ದನದ ಸಂತೆಯಲ್ಲಿ ಗದ್ದಲ ಎಷ್ಟಿರುತ್ತದೆಂದು ನಾನು ಹೇಳಬೇಕಿಲ್ಲ. ಹಲ್ಲಿನ ಬಗ್ಗೆ ಜಗಳ, ಸುಳಿಯ ಬಗ್ಗೆ ಜಗಳ, ಚಹಾದ ಬಗ್ಗೆ ಜಗಳ. ಆದರೆ ದರದ ಮಾತು ಬಂದ ಕೂಡಲೇ ಎಲ್ಲರ ಬಾಯಿ ಬಂದ್. ಅಜ್ಜ ಟವಲನ್ನು ಕೈಯ ಮೇಲೆ ಹೊದಿಸಿ ಮುಂದೆ ಚಾಚುತ್ತಿದ್ದ. ಕೊಳ್ಳುವವನು ಅದರ ಕೆಳಗೆ ಕೈ ತೂರಿಸಬೇಕು. ಎಷ್ಟು ಬೆರಳು ಹಿಡಿದರೆ ಅಷ್ಟು; ಅದರ ಮುಂದಿನ ಸೊನ್ನೆಗಳು ಎಷ್ಟೆಂಬುದು ಎತ್ತು ನೋಡಿದವರಿಗೆ ಗೊತ್ತೇ ಇರುತ್ತದೆ. ಬೇಡವಾದರೆ ಬೆರಳು ಕೊಡವುವುದು, ಒಪ್ಪಿಗೆಯಾದರೆ ಅಂಗೈ ಒತ್ತುವುದು. ಹೀಗೆ ಮಾಡುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬಾರದು. ಒಬ್ಬ ಆಕಾಶ ನೋಡುತ್ತಾನೆ, ಇನ್ನೊಬ್ಬ ಎಲ್ಲೋ ದೂರದ ಗಿಡ ನೋಡುತ್ತಾನೆ, ಟವಲಿನ ಕೆಳಗೆ ಮಾತ್ರ ಘನಘೋರ ಚೌಕಾಸಿ ನಡೆದಿರುತ್ತದೆ. ಸುತ್ತ ನಿಂತ ಮಂದಿಗೆ ಎತ್ತು ಎಷ್ಟಕ್ಕೆ ಹೋಯಿತೆಂದು ತಿಳಿಯುವುದಿಲ್ಲ. ಜಗತ್ತಿನಲ್ಲಿ ಇಷ್ಟು ಸಭ್ಯವಾದ ಸಂಭಾಷಣೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಒಮ್ಮೆ ಗದ್ದಲಕ್ಕೆ ಹೆದರಿ ಅಜ್ಜನ ಬೆರಳು ಹಿಡಿದುಕೊಂಡಿದ್ದೆ. ಅವನು ಟವಲು ಹೊದಿಸಿದ. ನಾನು ಬೆರಳು ಬಿಡಲಿಲ್ಲ. ನರಗುಂದದ ಕಡೆಯ ದೊಡ್ಡ ಮೀಸೆಯ ರೈತನೊಬ್ಬ, ಪದ್ಧತಿಯಂತೆ ಗಿಡ ನೋಡುತ್ತ, ಟವಲಿನೊಳಗೆ ಕೈ ತೂರಿಸಿ ನನ್ನ ಕೈ ಹಿಡಿದ. ಎರಡು ಸಲ ಹಿಚುಕಿ ನೋಡಿದ. ಕೊನೆಗೆ ಗಿಡ ಬಿಟ್ಟು ಅಜ್ಜನ ಮುಖ ನೋಡಿದ.

"ದಲಾಲ್ರ, ನಿಮ್ಮ ರೇಟು ಭಾಳ ಸಣ್ಣದೈತಲ್ರಿ!"

"ಹಿಡದ್ರಿ ಅಂದ್ರ ಬಿಡಂಗಿಲ್ಲ ನೋಡ್ರಿ ಅದು," ಎಂದ ಅಜ್ಜ. ಇಡೀ ಸಂತೆ ನಕ್ಕಿತು. ನಾನು ಎತ್ತಿನ ಹಿಂದೆ ಅಡಗಿಕೊಂಡೆ. ಬಹಳ ದಿನ ನನ್ನನ್ನು ಆ ಸಂತೆಯಲ್ಲಿ 'ಸಣ್ಣ ರೇಟು' ಎಂದೇ ಕರೆಯುತ್ತಿದ್ದರು. ನನ್ನ ನಿಜವಾದ ಹೆಸರು ಇಲ್ಲಿ ಬೇಕಿಲ್ಲ.

ಧಾರವಾಡಕ್ಕೆ ಎಂ.ಕಾಂ. ಓದಲು ಹೋದಾಗ ಹಾಸ್ಟೆಲಿನಲ್ಲಿ ನನ್ನ ಪಾಲಿಗೆ ಬಂದವಳು ನರಗುಂದದ ಶಾಹೀನ್. ಅವರದು ಕಾಳಿನ ವ್ಯಾಪಾರದ ಮನೆತನ. ಅವಳು ಮಾತನಾಡುತ್ತಲೇ ಹಲ್ಲುಜ್ಜಬಲ್ಲಳು. ನಮ್ಮಿಬ್ಬರ ಸ್ನೇಹ ಹೇಗೆ ಸಾಧ್ಯವಾಯಿತೆಂದು ಎಲ್ಲರೂ ಕೇಳುತ್ತಿದ್ದರು. ಸರಳ: ಅವಳಿಗೆ ಕೇಳುವವರು ಬೇಕಿತ್ತು, ನನಗೆ ಬೇರೆಯವರು ನನ್ನನ್ನು ಮಾತನಾಡಿಸದಂತೆ ತಡೆಯುವವರು ಬೇಕಿತ್ತು.

ಎರಡನೆಯ ವರ್ಷ ನಮಗೆಲ್ಲ ಉದ್ಯಮಶೀಲತಾ ಶಿಬಿರವೊಂದನ್ನು ಏರ್ಪಡಿಸಿದರು. ದೊಡ್ಡ ಊರಿನಿಂದ ಬಂದ ತರಬೇತುದಾರರು ಕೋಟು ಹಾಕಿಕೊಂಡು ಚಪ್ಪಾಳೆ ತಟ್ಟುತ್ತ ಒಳಗೆ ಬಂದರು. ಯಾವ ಸ್ವಭಾವದವರಿಗೆ ಸ್ವಂತ ವ್ಯಾಪಾರದ ಆಸೆ ಹುಟ್ಟುತ್ತದೆ, ಯಾರಿಗೆ ಹುಟ್ಟುವುದಿಲ್ಲ ಎಂಬುದು ಅವರ ವಿಷಯ. ಅದಕ್ಕೊಂದು ಪರೀಕ್ಷೆಯೂ ಇತ್ತು. "ಅಪರಿಚಿತರಿಂದ ತುಂಬಿದ ಕೋಣೆಯನ್ನು ಪ್ರವೇಶಿಸಿದಾಗ ನೀವು ಮೊದಲು ಏನು ಯೋಚಿಸುತ್ತೀರಿ?" ಎಂಬುದು ಒಂದು ಪ್ರಶ್ನೆ. "ಇನ್ನೊಂದು ಬಾಗಿಲು ಎಲ್ಲಿದೆ" ಎಂದು ಬರೆದೆ. ಪ್ರಾಮಾಣಿಕವಾಗಿ ಉತ್ತರಿಸಿ ಎಂದು ಅವರೇ ಹೇಳಿದ್ದರು.

ಆಮೇಲೆ ಎಲ್ಲರೂ ಎದ್ದು ನಿಂತು "ನಾನು ಉದ್ಯಮಿ!" ಎಂದು ಕೂಗಬೇಕಾಗಿತ್ತು. ಶಾಲೆಯ ಪ್ರಾರ್ಥನೆಯಲ್ಲಿ ಮಾಡುತ್ತಿದ್ದಂತೆ ನಾನು ತುಟಿ ಅಲ್ಲಾಡಿಸಿದೆ. ಶಾಹೀನ್ ಇಬ್ಬರ ಪಾಲಿನದನ್ನೂ ಕೂಗಿದಳು.

ಮುಂದಿನದು ಮಾರಾಟದ ಅಭ್ಯಾಸ. ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಒಂದು ನಿಮಿಷ ಮಾತನಾಡಿ ಮಾರಬೇಕು. ಶಾಹೀನ್ ಆ ನೀರನ್ನು ನರಗುಂದದ ಗುಡ್ಡದ ಮೇಲಿನ ಕೋಟೆಗೂ ಕಾಲುವೆಗೂ ಅವರ ಅಜ್ಜಿಯ ಮೊಣಕಾಲು ನೋವಿಗೂ ಜೋಡಿಸಿ ಎಷ್ಟು ಚೆನ್ನಾಗಿ ವರ್ಣಿಸಿದಳೆಂದರೆ, ತರಬೇತುದಾರರು ಜೇಬಿನಿಂದ ನೋಟು ತೆಗೆದು ಬಾಟಲಿಯನ್ನು ಕೊಂಡೇಬಿಟ್ಟರು. ಆ ಬಾಟಲಿ ಅವರದೇ ಆಗಿತ್ತು.

ನನ್ನ ಸರದಿ ಬಂತು. "ಇದು ನೀರು. ಬೇಕಾದವರು ತಗೊಳ್ರಿ," ಎಂದು ಹೇಳಿ ನಿಂತೆ. ಉಳಿದ ನಿಮಿಷವನ್ನು ಎಲ್ಲರೂ ಮೌನವಾಗಿ ಕಳೆದೆವು. ಆ ಮೌನಕ್ಕೋ ಏನೋ, ಹಿಂದಿನ ಸಾಲಿನಿಂದ ಒಬ್ಬ ಎದ್ದು ಬಂದು ನೀರು ಕುಡಿದು ಹೋದ. ಅದನ್ನು ನನ್ನ ಲೆಕ್ಕಕ್ಕೆ ಹಿಡಿಯಲಿಲ್ಲ.

ಸಂಜೆ ಫಲಿತಾಂಶ ಬಂತು. ಶಾಹೀನ್ ಹುಟ್ಟು ಉದ್ಯಮಿ. ನಾನು ಲೆಕ್ಕಪತ್ರ ವಿಭಾಗದಲ್ಲಿ ಮೇಲಧಿಕಾರಿಯ ಸೂಚನೆಯಂತೆ ಕೆಲಸ ಮಾಡಲು ಯೋಗ್ಯಳು.

"ಚಿಂತಿ ಮಾಡಬ್ಯಾಡಲೇ," ಎಂದಳು ಶಾಹೀನ್, "ನನ್ನ ಕಂಪನಿಯೊಳಗ ನಿನಗ ನೌಕರಿ ಪಕ್ಕಾ."

"ಯಾವ ಕಂಪನಿ?"

"ಅದನ್ನ ಊಟ ಆದ ಮ್ಯಾಲೆ ಹೇಳ್ತೀನಿ."

ಊಟವಾದ ಮೇಲೆ ಹೇಳಿದಳು ಕೂಡ. ಅವತ್ತು ಮಸಾಲೆ ಹಾಕಿದ ಕಡಲೆಯ ಡಬ್ಬಿ. ಮರುವಾರ ಗಜೇಂದ್ರಗಡದ ಗುಡ್ಡಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಬಸ್ಸು. ಅದರ ಮುಂದಿನ ವಾರ ಬಾಡಿಗೆಗೆ ಮದುವೆಯ ಲೆಹಂಗಾ. ಪ್ರತಿಯೊಂದನ್ನೂ ಅವಳು ಮೆಸ್ಸಿನಲ್ಲಿ, ವರಾಂಡದಲ್ಲಿ, ಬಟ್ಟೆ ಒಣಗಿಸುವಲ್ಲಿ ಎಷ್ಟು ಜನರಿಗೆ ಬಣ್ಣಿಸುತ್ತಿದ್ದಳೆಂದರೆ, ಹೇಳಿ ಮುಗಿಯುವಷ್ಟರಲ್ಲಿ ಅವಳಿಗೆ ವ್ಯಾಪಾರ ಮಾಡಿ, ಲಾಭ ತೆಗೆದು, ಅಂಗಡಿ ಮುಚ್ಚಿದಷ್ಟು ತೃಪ್ತಿಯಾಗಿರುತ್ತಿತ್ತು. ಮರುದಿನ ಮುಂಜಾನೆ ಮತ್ತೆ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಳು.

ಇತ್ತ ನನ್ನೊಳಗೆ ಒಂದು ಆಸೆ ಯಾರಿಗೂ ತಿಳಿಯದಂತೆ ಬೆಳೆಯುತ್ತಿತ್ತು. ನನಗೆ ಅಂಗಡಿ ಬೇಕಿತ್ತು. ತರಬೇತುದಾರರು ಅಂಗಡಿಯೆಂದರೆ ಜನರ ನಡುವೆ ಧುಮುಕುವುದು ಎಂದುಕೊಂಡಿದ್ದರು. ನನಗೆ ಅದು ಜನರಿಂದ ಕಾಪಾಡುವ ಜಾಗವಾಗಿ ಕಾಣುತ್ತಿತ್ತು. ಯೋಚಿಸಿ ನೋಡಿ. ಮದುವೆ ಮನೆಯಲ್ಲಿ ಯಾರು ಬೇಕಾದರೂ ನಿಮ್ಮನ್ನು ಏನು ಬೇಕಾದರೂ ಕೇಳಬಹುದು. ಅಂಗಡಿಯಲ್ಲಿ ಕೂತವಳನ್ನು ದರ ಎಷ್ಟು, ಬಣ್ಣ ಯಾವುದು, ಯಾವಾಗ ಕೊಡುತ್ತೀ ಎಂದಷ್ಟೇ ಕೇಳುತ್ತಾರೆ. ಎಲ್ಲ ಪ್ರಶ್ನೆಗೂ ಉತ್ತರ ನಿಮಗೆ ಗೊತ್ತಿರುತ್ತದೆ. ನಡುವೆ ಒಂದು ಮೇಜು ಬೇರೆ ಇರುತ್ತದೆ. ಮಾತು ಬಾರದವರಿಗೆ ಇದಕ್ಕಿಂತ ಸುರಕ್ಷಿತ ಜಾಗ ಇನ್ನೊಂದಿದ್ದರೆ ಅದು ಬಹುಶಃ ಮರದ ಮೇಲೆ.

ಕೆಲಸ ಅದಾಗಿಯೇ ಸಿಕ್ಕಿತು. ಬೀಳ್ಕೊಡುಗೆಯ ದಿನ ಉಡಲು ಶಾಹೀನ್ ತಂದಿದ್ದ ಸೀರೆಯ ಸೆರಗಿಗೆ ಕುಚ್ಚು ಇರಲಿಲ್ಲ. ಅವಳು ಅದರ ಬಗ್ಗೆ ಮಾತನಾಡಿ ಮುಗಿಸುವಷ್ಟರಲ್ಲಿ ನಾನು ಅಜ್ಜ ಕಲಿಸಿದ ಗಂಟಿನಲ್ಲೇ ರೇಷ್ಮೆ ದಾರದ ಕುಚ್ಚು ಕಟ್ಟಿ ಕೊಟ್ಟೆ. ಅದನ್ನು ನೋಡಿ ಪಕ್ಕದ ಕೋಣೆಯವರು ಬಂದರು, ಆಮೇಲೆ ಮೇಲಿನ ಮಹಡಿಯವರು. ಎಲ್ಲರೊಡನೆ ಮಾತನಾಡುವ ಕಷ್ಟ ತಪ್ಪಿಸಲು ಬಾಗಿಲ ಹೊರಗೆ ಮಾದರಿ ಕುಚ್ಚುಗಳನ್ನು ತೂಗುಹಾಕಿದೆ. ಬೇಕಾದ ಮಾದರಿಯನ್ನು ಸೀರೆಗೆ ಪಿನ್ನು ಚುಚ್ಚಿ ಬಾಗಿಲ ಹಿಡಿಕೆಗೆ ಸಿಕ್ಕಿಸಿ ಹೋದರಾಯಿತು.

"ಲೇ, ನೀ ಅಂಗಡಿ ನಡಸಾಕತ್ತಿಯೋ, ಕಳ್ಳಸಾಗಾಣಿಕಿ ಮಾಡಾಕತ್ತಿಯೋ?" ಎಂದಳು ಶಾಹೀನ್.

ಒಂದು ಸಲ ಮಾತ್ರ ಸಿಕ್ಕಿಬಿದ್ದೆ. ಜಕ್ಕಲಿಯಿಂದ ಮಗಳನ್ನು ನೋಡಲು ಬಂದಿದ್ದ ತಾಯಿಯೊಬ್ಬಳು ಕುಚ್ಚನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು.

"ಯವ್ವಾ, ಇದು ನಮ್ಮ ಎತ್ತಿನ ಕೊಂಬಿಗೆ ಕಟ್ಟೋ ಗೊಂಡೇದ ಗಂಟ ಹೌದಿಲ್ಲೋ?"

ಸುಳ್ಳು ಹೇಳಲು ನಿಜಕ್ಕಿಂತ ಹೆಚ್ಚು ಮಾತು ಬೇಕಾಗುತ್ತದೆ. "ಹೌದ್ರಿ," ಎಂದೆ. ಮಗಳ ಮುಖ ಕೆಂಪಾಯಿತು. ತಾಯಿಯ ಮುಖ ಮಾತ್ರ ಅರಳಿತು.

"ಹಂಗಾರ ಚಿಂತಿಲ್ಲ ಬಿಡವಾ! ನಮ್ಮ ಎತ್ತು ಬೇಲಿ ಮುರದು ಹಾಯ್ದರೂ ಗೊಂಡೆ ಬಿಚ್ಚಿಲ್ಲ. ನನ್ನ ಸೀರಿಗೂ ಅದನ್ನ ಕಟ್ಟು."

ನನ್ನ ವ್ಯಾಪಾರಕ್ಕೆ ಸಿಕ್ಕ ಮೊದಲ ಜಾಹೀರಾತು ಅದು. ನಾನು ಅದರಲ್ಲಿ ಒಂದೇ ಪದ ಮಾತನಾಡಿದ್ದೆ.

ಓದು ಮುಗಿಸಿ ರೋಣಕ್ಕೆ ಬಂದಾಗ ಅಜ್ಜ ಇರಲಿಲ್ಲ. ಅವನು ಹೋಗಿ ಕೆಲವು ವರ್ಷಗಳಾಗಿದ್ದವು. ಮುಂಭಾಗದ ಅಂಗಡಿಗೆ ಬೀಗ ಬಿದ್ದಿತ್ತು. ಅಪ್ಪ ರೈತರ ಕಾಳು ಮಾರಿಕೊಡುವ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತ. ನನ್ನ ಮೌನ ಯಾರಿಂದ ಬಂದದ್ದೆಂದು ತಿಳಿಯಬೇಕಾದರೆ ನೀವು ಅಪ್ಪನನ್ನು ಒಮ್ಮೆ ಭೇಟಿಯಾಗಬೇಕು. ನಾವಿಬ್ಬರೂ ಮನೆಯಲ್ಲಿದ್ದರೆ ಅವ್ವನಿಗೆ ಗಂಟಲು ನೋವು, ಏಕೆಂದರೆ ಮೂವರ ಮಾತನ್ನೂ ಅವಳೇ ಆಡಬೇಕು.

ಒಂದು ದಿನ ಅಪ್ಪ ಊಟಕ್ಕೆ ಕೂತಾಗ, ಯಾರನ್ನೂ ನೋಡದೆ, "ಮುಂದಿನ ಖೋಲಿ ಬಸಣ್ಣ ಕೇಳ್ಯಾನ. ಐತವಾರ ಬರ್ತಾನ," ಎಂದ. ಬಸಣ್ಣ ಬಸ್ ಸ್ಟ್ಯಾಂಡಿನ ಎದುರು ಕೈಗಾಡಿಯಲ್ಲಿ ಮೊಬೈಲ್ ಕವರ್ ಮಾರುವವನು. ಅಂಗಡಿ ಕೊಟ್ಟರೆ ಹೋಯಿತು. ನಮ್ಮೂರಿನಲ್ಲಿ ಬಾಡಿಗೆಗೆ ಬಂದವರು ಮನೆಯ ಮಾಲೀಕರಿಗಿಂತ ಹಳಬರಾಗುತ್ತಾರೆ.

ಭಾನುವಾರಕ್ಕೆ ಮೊದಲು ನಾನು ಅಪ್ಪನಿಗೆ ಒಂದೇ ಒಂದು ವಾಕ್ಯ ಹೇಳಬೇಕಿತ್ತು. 'ಅಂಗಡಿ ನನಗೆ ಬೇಕು.' ಮೂರು ಪದ. ಇದರಲ್ಲಿ ಎಂ.ಕಾಂ.ಗೆ ಸಂಬಂಧಿಸಿದ್ದು ಏನೂ ಇಲ್ಲ.

ಮುಂಜಾನೆ ರೊಟ್ಟಿ ತಿನ್ನುವಾಗ "ಅಪ್ಪಾ," ಎಂದೆ.

"ಹ್ಞೂಂ."

"ಅದು..."

"ಉಪ್ಪಿನಕಾಯಿ?"

"ಹ್ಞೂಂ," ಎಂದೆ.

ಅಪ್ಪ ಉಪ್ಪಿನಕಾಯಿ ಬಡಿಸಿದ. ರಾತ್ರಿ ಊಟದಲ್ಲೂ ಹಾಗೆಯೇ ಆಯಿತು, ಮರುದಿನವೂ. "ಇಷ್ಟ ಉಪ್ಪಿನಕಾಯಿ ತಿಂದ್ರ ಪಿತ್ತ ಆಗ್ತೈತಿ," ಎಂದು ಅವ್ವ ಭರಣಿಯನ್ನೇ ಎತ್ತಿ ಮೇಲಿಟ್ಟಳು. ನನ್ನ ಮಾತಿಗಿದ್ದ ಏಕೈಕ ದಾರಿಯೂ ಮುಚ್ಚಿತು. ಅವ್ವನಿಗೆ ವಿಷಯ ಹೇಳಿ, ನೀನೇ ಅಪ್ಪನ ಕಿವಿಗೆ ಹಾಕು ಎಂದು ಕೇಳಿಕೊಂಡೆ. ಅವಳು ಹಿಟ್ಟಿನ ಕೈ ಎತ್ತಿದಳು. "ಚಹಾ ಆರೇತಿ, ಕರೆಂಟ್ ಹೋಗೇತಿ, ಇಂಥವೆಲ್ಲ ಬೇಕಾದಷ್ಟು ಹೇಳ್ತೀನಿ. ಇದನ್ನ ನೀನ ಹೇಳು. ನಾ ನಿಮ್ಮಿಬ್ಬರ ನಡುವಿನ ಟಪಾಲ್ ಆಫೀಸ್ ಅಲ್ಲ."

ಶಾಹೀನಳಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಅವಳಿಗೆ ಬ್ಯಾಂಕಿನ ನೌಕರಿ ಆಗಿತ್ತು, ಆದೇಶಕ್ಕೆ ಕಾಯುತ್ತಿದ್ದಳು. "ಇಷ್ಟಕ್ಕ ಅಳಾಕತ್ತಿಯೇನು? ನಾ ಬಂದು ಮಾತಾಡ್ತೀನಿ," ಎಂದು ಶನಿವಾರ ನರಗುಂದದ ಬಸ್ಸು ಹತ್ತಿ ಬಂದೇಬಿಟ್ಟಳು. ಕಟ್ಟೆಯ ಮೇಲೆ ಅಪ್ಪನ ಎದುರು ಕೂತಳು. ನಾನು ಬಾಗಿಲ ಹಿಂದೆ ನಿಂತೆ. ಮೊದಲು ನೆಲ ಹದ ಮಾಡುತ್ತೇನೆ, ಆಮೇಲೆ ನಿನ್ನ ವಿಷಯ ಬಿತ್ತುತ್ತೇನೆ ಎಂದಿದ್ದಳು. ಹದ ಮಾಡಿದ್ದೇ ಮಾಡಿದ್ದು. ಕಾಳಿನ ಪೇಟೆ, ಹೆಣ್ಣುಮಕ್ಕಳ ವ್ಯಾಪಾರ, ಸ್ವಂತ ಅಂಗಡಿಯ ಮರ್ಯಾದೆ. ಅಪ್ಪ ನಗುವುದನ್ನು ಅವತ್ತು ಓಣಿಯ ಎಷ್ಟೋ ಜನ ಮೊದಲ ಬಾರಿಗೆ ಕೇಳಿದರು. ಕೊನೆಗೆ ಅಪ್ಪ ತೊಡೆ ತಟ್ಟಿ ಹೇಳಿದ:

"ಭಾಳ ಚಲೋ ಮಾತಾಡ್ತಿಯವಾ. ಬಸಣ್ಣಗ ಬ್ಯಾಡಂತೀನಿ. ಅಂಗಡಿ ನೀನ ತಗೋ!"

ನನ್ನ ಪರ ವಾದಿಸಲು ಬಂದ ವಕೀಲೆ ಕೇಸು ಗೆದ್ದು ಆಸ್ತಿ ತಾನೇ ಪಡೆದಂತಾಯಿತು.

"ಅಯ್ಯ, ನನಗಲ್ರೀ ಕಾಕಾ, ನನಗ ಬ್ಯಾಂಕ್ ಆಗೇತಿ. ಅಂಗಡಿ ಬೇಕಾಗಿದ್ದು ಇಕಿಗೆ!" ಎಂದು ಶಾಹೀನ್ ಬಾಗಿಲ ಕಡೆ ಕೈ ತೋರಿಸಿದಳು.

ಅಪ್ಪ ನನ್ನನ್ನು ನೋಡಿದ. ನಾನು ಬಾಗಿಲಿನ ಚಿಲಕ ನೋಡಿದೆ. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಇಕಿಗೆ? ಗಿರಾಕಿ ಬಂದ್ರ ಒಳಗ ಓಡಾಕಿಗೆ? ಚಲೋ ಚಾಷ್ಟಿ ಮಾಡ್ತಿ ನೋಡು. ಇಕಿ ಬಾಯಿ ಬಿಟ್ಟು ಕೇಳಿದ್ರ ಅಂಗಡಿ ಅಷ್ಟ ಅಲ್ಲ, ಮನೀನೂ ಕೊಡ್ತೀನಿ."

ಅಪ್ಪ ಕೆಟ್ಟವನಲ್ಲ. ಬರೀ ನನ್ನನ್ನು ಚೆನ್ನಾಗಿ ಬಲ್ಲವನು. ಅದಕ್ಕೇ ಹೆಚ್ಚು ನೋವಾಯಿತು. ನಾನು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ನರಗುಂದದ ಬಸ್ಸಿನ ಹೊತ್ತಾಯಿತೆಂದು ಅವ್ವ ಕೂಗಿದಳು, ತೆರೆದ ಬಾಯಿಯನ್ನು ಆಕಳಿಕೆಗೆ ಉಪಯೋಗಿಸಿದೆ. ಬಸ್ ಸ್ಟ್ಯಾಂಡಿನವರೆಗೂ ಶಾಹೀನ್ ಒಂದು ಮಾತನ್ನೂ ಆಡಲಿಲ್ಲ. ಅದು ಅವಳ ಜೀವನದ ದಾಖಲೆ.

ಭಾನುವಾರ ಬಸಣ್ಣ ಬಂದ. ಕಟ್ಟೆಯ ಮೇಲೆ ಅಪ್ಪ, ಪಕ್ಕದಲ್ಲಿ ಅವನು. ಬಾಡಿಗೆಯ ಮಾತೆಂದರೆ ಓಣಿಗೆ ಹೇಗೆ ವಾಸನೆ ಹತ್ತುತ್ತದೋ. ಎದುರು ಮನೆಯವರು ಅಂಗಳ ಎರಡನೆಯ ಬಾರಿ ಗುಡಿಸತೊಡಗಿದರು, ಒಬ್ಬರು ನಮ್ಮ ಕಟ್ಟೆಗೆ ಒರಗಿ ಪೇಪರ್ ಓದತೊಡಗಿದರು. ಅಪ್ಪ ಅವರನ್ನೆಲ್ಲ ನೋಡಿ, ಎದ್ದು ಒಳಗೆ ಹೋಗಿ, ಮೊಳೆಯ ಮೇಲಿನ ಅಜ್ಜನ ಟವಲನ್ನು ತಂದು ಕೈಯ ಮೇಲೆ ಹೊದಿಸಿಕೊಂಡು ಕೂತ.

"ಕಾಕಾ, ಇದೇನ್ರೀ ಎತ್ತಿನ ವ್ಯಾಪಾರದಂಗ?" ಎಂದ ಬಸಣ್ಣ.

"ಮಂದಿ ನೋಡಾಕತ್ತಾರಪಾ. ಕೈ ಕೊಡು."

"ನಮಗ ಬೆರಳಿನ ಲೆಕ್ಕ ಬರಂಗಿಲ್ರಿ. ತಡೀರಿ, ಮೊಬೈಲ್‌ನ್ಯಾಗ ಒತ್ತಿ ತೋರಸ್ತೀನಿ," ಎಂದು ಬಸಣ್ಣ ಜೇಬು ತಡಕಿದ. ಮೊಬೈಲ್ ಕವರ್ ಮಾರುವವನ ಮೊಬೈಲು ಎಷ್ಟು ಕವರಿನೊಳಗಿತ್ತೋ, ಬೇಗ ಹೊರಗೆ ಬರಲಿಲ್ಲ.

ನಾನು ಚಹಾದ ತಟ್ಟೆ ಹಿಡಿದು ಬಂದಿದ್ದೆ. ಅಪ್ಪ ಪದ್ಧತಿಯಂತೆ ದೂರದ ಬೇವಿನ ಗಿಡ ನೋಡುತ್ತಿದ್ದ. ಟವಲಿನ ಕೆಳಗೆ ಅವನ ಕೈ ಒಬ್ಬಂಟಿಯಾಗಿ ಕಾಯುತ್ತಿತ್ತು. ನನಗೆ ಆಮೇಲೆ ಅನ್ನಿಸಿದ್ದನ್ನೆಲ್ಲ ಆಗಲೇ ಯೋಚಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ತಟ್ಟೆಯನ್ನು ಕಟ್ಟೆಯ ಮೇಲಿಟ್ಟೆ. ಟವಲಿನೊಳಗೆ ಕೈ ತೂರಿಸಿದೆ.

ಅಪ್ಪ ಹಿಡಿದ. ಒಮ್ಮೆ ಹಿಚುಕಿದ, ಇನ್ನೊಮ್ಮೆ ಹಿಚುಕಿದ. ಗಿಡ ಬಿಟ್ಟು ನನ್ನತ್ತ ತಿರುಗಿದ. ಈ ಸಲ ನಾನು ಅಡಗಲಿಲ್ಲ, ಆಕಾಶ ನೋಡುತ್ತಿದ್ದೆ. ನೋಡಬೇಕಾದದ್ದು ಅಲ್ಲಿಯೇ ಎಂದು ಅಜ್ಜ ಕಲಿಸಿದ್ದ. ಅಪ್ಪ ಮತ್ತೆ ಗಿಡದ ಕಡೆ ತಿರುಗಿದ. ಅವನ ಬೆರಳುಗಳು ಅಲುಗಿದವು. ದರ ಹೇಳಿದ್ದ.

ನಾನು ಕೊಡವಿದೆ. ಮಗಳಿಗೆ ಆ ದರ ಜಾಸ್ತಿಯಾಗಿತ್ತು.

ಅಪ್ಪನ ಹುಬ್ಬು ಮೇಲಕ್ಕೆ ಹೋಯಿತು. ನಾನು ನನ್ನದನ್ನು ಹೇಳಿದೆ. ಅವನು ಕೊಡವಿದ. ಪೇಪರ್ ಓದುವವರು ಪೇಪರ್ ಕೆಳಗಿಟ್ಟರು.

"ಹಾಂ, ಇಲ್ಲಿ ನೋಡ್ರೀ ಕಾಕಾ," ಎಂದು ಬಸಣ್ಣ ಕೊನೆಗೂ ಮೊಬೈಲ್ ತೆಗೆದ.

"ತಡಿಯಪಾ, ವ್ಯಾಪಾರ ನಡದೈತಿ," ಎಂದ ಅಪ್ಪ, ಗಿಡ ನೋಡುತ್ತಲೇ.

"ಯಾರ ಕೂಡ್ರಿ?"

ಅಪ್ಪ ಒಂದು ಬೆರಳು ಇಳಿದ. ನಾನು ಅರ್ಧ ಬೆರಳು ಏರಿದೆ. ಅರ್ಧಕ್ಕೆ ಬೆರಳಿನ ನಡುವಿನ ಗೆಣ್ಣು ಒತ್ತಬೇಕು. ಅಪ್ಪನಿಗೆ ಅದು ನನಗೆ ಗೊತ್ತಿರುವುದು ಗೊತ್ತಿರಲಿಲ್ಲ. ಅಂಗೈ ಒತ್ತಿದ.

"ಮುಗೀತು," ಎಂದ. "ಬಸಣ್ಣ, ಚಹಾ ಕುಡಿಯಪಾ. ಅಂಗಡಿ ಹೋತು."

ಬಸಣ್ಣ ಬೆಪ್ಪಾಗಿ ಮೊಬೈಲನ್ನು ಮತ್ತೆ ಕವರಿಗೆ ಹಾಕಿದ. ಒಳ್ಳೆಯ ಮನುಷ್ಯ, ಬಸ್ ಸ್ಟ್ಯಾಂಡಿನ ಹತ್ತಿರವೇ ಬೇರೆ ಜಾಗ ಹಿಡಿದ, ಮತ್ತು ಹೆಂಡತಿಯ ಸೀರೆಗೆ ನನ್ನಲ್ಲೇ ಕುಚ್ಚು ಕಟ್ಟಿಸಿದ. ಅವ್ವ ಮಾತ್ರ ಅಂದಿನಿಂದ 'ಎಷ್ಟಕ್ಕ ಮುಗೀತು?' ಎಂದು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳುತ್ತಲೇ ಇದ್ದಾಳೆ. ಬ್ಯಾಂಕಿನ ಗಾಜಿನ ಹಿಂದೆ ಕೂತು ಗಿರಾಕಿಗಳ ಜೊತೆ ಸುಖವಾಗಿ ಹರಟುತ್ತಿರುವ ಶಾಹೀನಳೂ ಕೇಳುತ್ತಾಳೆ. ನೀವೂ ಕೇಳಬೇಡಿ. ಟವಲಿನ ಕೆಳಗಿನದು ಮೇಲೆ ಬರುವುದಿಲ್ಲ.

"ಬಾಯಿ ಬಿಟ್ಟು ಕೇಳಿಲ್ಲ ನೋಡು," ಎಂದಿದ್ದ ಅಪ್ಪ ಆಗ, ಟವಲಿನ ಕೆಳಗೆ ಕೈ ಇನ್ನೂ ಇದ್ದಾಗಲೇ. "ಅದಕ್ಕ ಮನಿ ಕೊಡಂಗಿಲ್ಲ. ಅಂಗಡಿ ಅಷ್ಟ."

ವ್ಯಾಪಾರ ಕುದುರಿದ ಕೂಡಲೇ ಕೈ ಬಿಡುವುದು ದಲಾಲಿಯ ನಿಯಮ. ಅಪ್ಪ ಬಿಡಲಿಲ್ಲ. ಗಿಡ ನೋಡುತ್ತ, ಐದೂ ಬೆರಳನ್ನು ಒಟ್ಟಿಗೆ, ಚಹಾ ಆರುವವರೆಗೆ ಹಿಡಿದುಕೊಂಡಿದ್ದ. ಆ ಹಿಡಿತದ ಬೆಲೆ ಎಷ್ಟೆಂದು ಅಜ್ಜ ನನಗೆ ಕಲಿಸಿರಲಿಲ್ಲ. ಅದನ್ನು ನಾನು ರಿಯಾಯಿತಿ ಎಂದುಕೊಂಡಿದ್ದೇನೆ.